ಎಐ ಏಜೆಂಟ್‌ಗೆ ನಮ್ಮ ನೋಟ್ಸ್ ಎಷ್ಟು ಓದಲು ಬಿಡಬೇಕು? ನೀವೆಲ್ಲ ಏನು ಮಾಡಿದ್ದೀರಿ?

ಕರಡುಪ್ರತಿ

ನಾನು ನೋಟ್ಸ್ ಇಡುವುದು ಅಬ್ಸಿಡಿಯನ್ ಅನ್ನುವ ನೋಟ್ಸ್ ಆಪ್‌ನಲ್ಲಿ. ಎಲ್ಲ ಒಂದೇ ವಾಲ್ಟ್ (ಆ ಆಪ್ ನೋಟ್ಸ್ ಇಡುವ ಫೋಲ್ಡರ್). ಕೆಲಸದ ಮೀಟಿಂಗ್, ಓದಿದ ಪುಸ್ತಕದ ಟಿಪ್ಪಣಿ, ದಿನಚರಿ, ಡಾಕ್ಟರ್ ಹೇಳಿದ್ದು, ಸಾಲದ ಲೆಕ್ಕ, ಸ್ನೇಹಿತರು ನಂಬಿ ಹೇಳಿಕೊಂಡ ಮಾತು, ಎಲ್ಲವೂ ಅದರೊಳಗೇ ಇದೆ. ಈಗ ನನ್ನ ಕಂಪ್ಯೂಟರ್‌ನಲ್ಲೇ ಓಡುವ ಒಂದು ಎಐ ಏಜೆಂಟ್‌ಗೆ (ಹೇಳಿದ ಕೆಲಸಕ್ಕೆ ತಾನೇ ಫೈಲ್ ತೆರೆದು, ಟೂಲ್ ಬಳಸುವ ಎಐ) ಇದನ್ನು ತೋರಿಸೋಣ ಅಂತಿದ್ದೇನೆ. "ಹೋದ ವರ್ಷ ಈ ಪ್ರಾಜೆಕ್ಟ್ ಬಗ್ಗೆ ಏನು ತೀರ್ಮಾನ ಆಗಿತ್ತು?" ಅಂತ ಕೇಳಿದರೆ ಹುಡುಕಿ ಹೇಳಬೇಕು, ಅಷ್ಟೇ.

ಅದು ಬರೆಯುವುದು, ಅಳಿಸುವುದು ಬೇಡ. ಅದನ್ನು ತಡೆಯೋದು ಹೇಗೆ ಅಂತ ಬೇಕಾದಷ್ಟು ಸಲಹೆ ಸಿಗುತ್ತದೆ. ಓದುವುದನ್ನು ತಡೆಯೋದು ಹೇಗೆ ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ. ಕೇಳಿದರೆ "ರೀಡ್ ಓನ್ಲಿ ಕೊಡಿ, ಏನೂ ಆಗಲ್ಲ" ಅಂತಾರೆ. ನನಗೆ ತಲೆನೋವು ಇರುವುದೇ ಆ ರೀಡ್ ವಿಷಯದಲ್ಲಿ.

ಸದ್ಯಕ್ಕೆ ಹೊಳೆದಿರುವುದು ಇಷ್ಟು: ಖಾಸಗಿ ನೋಟ್‌ಗಳಿಗೆ ಒಂದು ಟ್ಯಾಗ್ ಹಾಕುವುದು. ಏಜೆಂಟ್ ಓದುವ ಸೂಚನೆ ಫೈಲ್‌ನಲ್ಲಿ "ಈ ಟ್ಯಾಗ್ ಇರುವ ನೋಟ್ ಓದಬೇಡ" ಅಂತ ಬರೆದಿಡುವುದು. ಸಾಕಾಗುತ್ತದಾ?

ರೂಟ್‌ಯೂಸರ್

ಸಾಕಾಗಲ್ಲ. ಟ್ಯಾಗ್ ಇರುವುದು ನೋಟ್‌ನ ಒಳಗೆ. ಅದು ಇದೆಯೋ ಇಲ್ಲವೋ ಅಂತ ನೋಡಲು ಏಜೆಂಟ್ ಆ ನೋಟ್ ತೆರೆಯಲೇಬೇಕು. ತೆರೆದರೆ ಓದಿದ ಹಾಗೇ. ಓದಿದ್ದೆಲ್ಲ ಏಜೆಂಟ್ ಹಿಂದಿರುವ ಎಐ ಮಾಡೆಲ್‌ನ ಕಾಂಟೆಕ್ಸ್ಟ್‌ಗೆ, ಅಂದರೆ ಉತ್ತರ ಕೊಡುವಾಗ ಅದರ ಮುಂದಿರುವ ಪಠ್ಯಕ್ಕೆ, ಸೇರುತ್ತದೆ. ಕ್ಲೌಡ್ ಮಾಡೆಲ್ (ಕಂಪನಿಯ ಸರ್ವರ್‌ನಲ್ಲಿ ಓಡುವುದು) ಆಗಿದ್ದರೆ ಅಷ್ಟೊತ್ತಿಗೆ ಅದು ನಿಮ್ಮ ಕಂಪ್ಯೂಟರ್ ದಾಟಿ ಹೋಗಿರುತ್ತದೆ. ತಪ್ಪಾಗಿ ಅಳಿಸಿದ್ದನ್ನು ಬ್ಯಾಕಪ್‌ನಿಂದ ತರಬಹುದು. ಓದಿದ್ದನ್ನು ವಾಪಸ್ ತರಲು ಯಾವ ಬ್ಯಾಕಪ್ಪೂ ಇಲ್ಲ.

ನೋಟ್ ತೆರೆಯದಿದ್ದರೂ ಕಥೆ ಅದೇ. ಏಜೆಂಟ್‌ಗಳು ಮೊದಲು ಮಾಡುವುದು ಇಡೀ ಫೋಲ್ಡರ್‌ನಲ್ಲಿ ಪದ ಹುಡುಕುವುದು. ನೀವು "ಬ್ಯಾಂಕ್" ಅಂತ ಏನೋ ಕೇಳಿದಿರಿ ಅಂದುಕೊಳ್ಳಿ. ಆ ಪದ ಇರುವ ಸಾಲುಗಳೆಲ್ಲ ಹುಡುಕಾಟದ ಫಲಿತಾಂಶದಲ್ಲಿ ಬರುತ್ತವೆ. ಖಾಸಗಿ ಟ್ಯಾಗ್ ಹಾಕಿದ ನೋಟ್‌ನ ಸಾಲೂ ಬರುತ್ತದೆ. ಟ್ಯಾಗ್ ಇರುವುದು ಬೇರೆ ಸಾಲಿನಲ್ಲಿ, ಅದು ಅಲ್ಲಿ ಕಾಣುವುದೇ ಇಲ್ಲ.

ಇನ್ನೊಂದು, ಅಬ್ಸಿಡಿಯನ್ ಸೆಟ್ಟಿಂಗ್ಸ್‌ನಲ್ಲಿ "ಎಕ್ಸ್‌ಕ್ಲೂಡೆಡ್ ಫೈಲ್ಸ್" ಅಂತ ಇದೆ. ಅದರಲ್ಲಿ ಫೋಲ್ಡರ್ ಹೆಸರು ಹಾಕಿದರೆ ಮುಚ್ಚಿಟ್ಟ ಹಾಗೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಆ ಆಪ್‌ನ ಸರ್ಚ್, ಗ್ರಾಫ್ ಇಂಥ ಕಡೆ ಮಾತ್ರ ಆ ಫೈಲ್‌ಗಳನ್ನು ಮರೆ ಮಾಡುತ್ತದೆ. ಹೊರಗಿನ ಪ್ರೋಗ್ರಾಂಗೆ ವಾಲ್ಟ್ ಅಂದರೆ ಮಾರ್ಕ್‌ಡೌನ್ ಫೈಲ್ ತುಂಬಿದ ಒಂದು ಸಾಮಾನ್ಯ ಫೋಲ್ಡರ್. ಆಪ್‌ನ ಸೆಟ್ಟಿಂಗ್ ಅದಕ್ಕೆ ಯಾಕೆ ಲೆಕ್ಕ?

ಸುಮ್ನೆಕೇಳ್ದೆ

ಹಾಗಾದ್ರೆ ಏಜೆಂಟ್‌ನ ಸೆಟ್ಟಿಂಗ್‌ನಲ್ಲೇ "ಈ ಫೋಲ್ಡರ್ ನಿಷೇಧ" ಅಂತ ಹಾಕಬಹುದಲ್ವಾ ಸರ್? ಕ್ಲಾಡ್ ಕೋಡ್ ಅನ್ನುವ ಏಜೆಂಟ್‌ನಲ್ಲಿ ಡಿನೈ (ನಿಷೇಧ) ಪಟ್ಟಿ ಇದೆ. ನಾನು ಪಾಸ್‌ವರ್ಡ್ ಇರುವ ಫೈಲ್‌ಗೆ ಅದನ್ನೇ ಹಾಕಿದ್ದೇನೆ.

ರೂಟ್‌ಯೂಸರ್

ಹಾಕಿ, ಒಳ್ಳೆಯದೇ. ಸೂಚನೆ ಫೈಲ್‌ಗಿಂತ ನೂರು ಪಾಲು ಮೇಲು. ಸೂಚನೆಯನ್ನು ಪಾಲಿಸುವುದು ಮಾಡೆಲ್‌ನ ಮರ್ಜಿ. ಡಿನೈ ಪಟ್ಟಿಯನ್ನು ಜಾರಿ ಮಾಡುವುದು ಪ್ರೋಗ್ರಾಂ.

ಆದರೆ ಅದರ ಮಿತಿ ಗೊತ್ತಿರಲಿ. ಆ ನಿಯಮ ಏಜೆಂಟ್‌ನ ಸ್ವಂತ "ಫೈಲ್ ಓದು" ಟೂಲ್‌ಗೆ ಅನ್ವಯಿಸುತ್ತದೆ. ಅದೇ ಏಜೆಂಟ್ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದು ಓಡಿಸಿದರೆ? ಆ ಸ್ಕ್ರಿಪ್ಟ್ ಯಾವ ಫೈಲ್ ತೆರೆಯಿತು ಅನ್ನುವುದು ಆ ನಿಯಮಕ್ಕೆ ಕಾಣುವುದಿಲ್ಲ. ಏಜೆಂಟ್ ಕೆಟ್ಟದ್ದೇ ಆಗಿರಬೇಕಿಲ್ಲ. "ಎಲ್ಲ ನೋಟ್‌ಗಳ ಪದ ಎಣಿಸು" ಅಂದರೆ ಸಹಜವಾಗಿ ಸ್ಕ್ರಿಪ್ಟನ್ನೇ ಬರೆಯುತ್ತದೆ.

ಅದಕ್ಕೆ ಆಪರೇಟಿಂಗ್ ಸಿಸ್ಟಂ ಮಟ್ಟದ ಸ್ಯಾಂಡ್‌ಬಾಕ್ಸ್ (ಪ್ರೋಗ್ರಾಂ ಏನನ್ನು ಮುಟ್ಟಬಹುದು ಅಂತ ಸಿಸ್ಟಂ ಹಾಕುವ ಬೇಲಿ) ಬೇಕು. ಕ್ಲಾಡ್ ಕೋಡ್‌ನಲ್ಲಿ ಅದೂ ಇದೆ. ಲಿನಕ್ಸ್‌ನಲ್ಲಿ ಬಬಲ್‌ರ‍್ಯಾಪ್, ಮ್ಯಾಕ್‌ನಲ್ಲಿ ಸೀಟ್‌ಬೆಲ್ಟ್ ಬಳಸುತ್ತದೆ. ಇಲ್ಲಿ ಗಮನಿಸಬೇಕಾದ್ದು ಅದರ ಡೀಫಾಲ್ಟ್: ಬರೆಯುವುದು ಈಗಿನ ಫೋಲ್ಡರ್‌ನೊಳಗೆ ಮಾತ್ರ, ಓದುವುದು ಹೆಚ್ಚುಕಡಿಮೆ ಇಡೀ ಕಂಪ್ಯೂಟರ್. ಓದುವುದಕ್ಕೂ ಬೇಲಿ ಬೇಕು ಅಂದರೆ ನೀವೇ ಹೇಳಿ ಹಾಕಿಸಬೇಕು. ಕರಡುಪ್ರತಿಯವರ ದೂರು ಸುಮ್ನೆ ಬಂದದ್ದಲ್ಲ. ಟೂಲ್ ಕಟ್ಟುವವರ ಭಯವೆಲ್ಲ ಕೋಡ್ ಕೆಡುವುದರ ಬಗ್ಗೆ. ಡೈರಿ ಓದಿಬಿಡುವುದು ಅವರ ಲೆಕ್ಕದಲ್ಲಿ ಅವಘಡವೇ ಅಲ್ಲ.

ಹಾಳೆಮಡಿಚಿ

ನಾನು ನೋಷನ್ (ಆನ್‌ಲೈನ್ ನೋಟ್ಸ್ ಆಪ್) ಬಳಸುವವಳು. ನಮ್ಮ ಕಡೆ ಪರಿಸ್ಥಿತಿ ಬೇರೆ, ಕೆಲವು ವಿಷಯದಲ್ಲಿ ವಾಸಿ.

ನೋಷನ್‌ನಲ್ಲಿ ಸ್ವಂತ ಇಂಟಿಗ್ರೇಷನ್ (ಹೊರಗಿನ ಪ್ರೋಗ್ರಾಂಗೆ ಜೋಡಣೆ) ಮಾಡಿಕೊಂಡರೆ ಅದಕ್ಕೆ ಮೊದಲಿಗೆ ಏನೂ ಕಾಣುವುದಿಲ್ಲ. ಯಾವ ಪೇಜ್ ತೋರಿಸಬೇಕೋ ಅದನ್ನು ನಾವೇ ಆರಿಸಿ ಸೇರಿಸಬೇಕು. ಓದುವುದು, ತಿದ್ದುವುದು, ಹೊಸದು ಸೇರಿಸುವುದು, ಮೂರಕ್ಕೂ ಬೇರೆ ಬೇರೆ ಅನುಮತಿ. ಒಂದೇ ಹುಷಾರು: ಒಂದು ಪೇಜ್ ತೋರಿಸಿದರೆ ಅದರ ಕೆಳಗಿನ ಮರಿ ಪೇಜ್‌ಗಳೂ ಕಾಣುತ್ತವೆ. ತುದಿಯಲ್ಲಿರುವ "ಹೋಮ್" ಪೇಜ್ ಸೇರಿಸಿದರೆ ಮುಗೀತು, ಎಲ್ಲ ತೋರಿಸಿದ ಹಾಗೆ.

ನೋಷನ್‌ನವರದೇ ಎಂಸಿಪಿ ಸರ್ವರ್ ಮೂಲಕ ಸೇರಿಸುವುದು ಬೇರೆ ದಾರಿ. ಅಲ್ಲಿ ಲಾಗಿನ್ ಆಗಿ "ಅಲೋ" ಒತ್ತಿದರೆ ಏಜೆಂಟ್ ನಿಮ್ಮ ಹೆಸರಿನಲ್ಲೇ ಓಡಾಡುತ್ತದೆ. ನಿಮಗೆ ಏನು ಕಾಣುತ್ತದೋ ಅದಕ್ಕೂ ಅದು ಕಾಣುತ್ತದೆ. ಸುಲಭ ಅಂತ ಎಲ್ಲರೂ ಇದನ್ನೇ ಹಿಡಿಯುತ್ತಾರೆ. ನಾನು ತ್ರಾಸಾದರೂ ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ.

(ಎಂಸಿಪಿ ಗೊತ್ತಿಲ್ಲದವರಿಗೆ: ಏಜೆಂಟ್‌ಗೆ ಹೊರಗಿನ ಟೂಲ್ ಜೋಡಿಸುವ ಒಂದು ಸಾಮಾನ್ಯ ವಿಧಾನ. ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಈಗ ಎಲ್ಲ ಕಡೆ ಅದೇ.)

ಬೇಲಿಹಾಕು

ಜಾಪ್ಲಿನ್ ಅನ್ನುವ ನೋಟ್ಸ್ ಆಪ್ ಬಳಸುವವರಿಗೂ ಒಂದು ಮಾತು. ಅದರಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ ಅಂತ ನೆಮ್ಮದಿಯಾಗಿರುವವರು ಜಾಸ್ತಿ. ಆ ರಕ್ಷಣೆ ಸಿಂಕ್ ಆಗುವ ದಾರಿಗೆ ಮತ್ತು ಸರ್ವರ್‌ಗೆ. ನಿಮ್ಮ ಕಂಪ್ಯೂಟರ್‌ನ ಡೇಟಾಬೇಸ್‌ನಲ್ಲಿ ನೋಟ್ಸ್ ಬಿಚ್ಚಿದ ರೂಪದಲ್ಲೇ ಇರುತ್ತವೆ. ಏಜೆಂಟ್ ಜೋಡಿಸಲು ವೆಬ್ ಕ್ಲಿಪ್ಪರ್ ಸೇವೆ ಆನ್ ಮಾಡುತ್ತೇವಲ್ಲ, ಪೋರ್ಟ್ 41184, ಅದಕ್ಕೆ ಒಂದು ಟೋಕನ್ (ಪಾಸ್‌ವರ್ಡ್ ಥರದ ಕೀಲಿ) ಇದ್ದರೆ ಎಲ್ಲ ನೋಟ್‌ಬುಕ್ಕೂ ತೆರೆಯುತ್ತದೆ. ಈ ನೋಟ್‌ಬುಕ್‌ಗೆ ಮಾತ್ರ ಅಂತ ಟೋಕನ್ ಕೊಡಲು ಆಗುವುದಿಲ್ಲ.

ಫೈಲ್‌ಗಳಿಗೆ ಬೀಗ ಹಾಕುವ ಕ್ರಿಪ್ಟೋಮೇಟರ್, ವೆರಾಕ್ರಿಪ್ಟ್ ಕಥೆಯೂ ಇದೇ. ಅನ್‌ಲಾಕ್ ಮಾಡಿರುವಷ್ಟು ಹೊತ್ತು ಅದು ಇನ್ನೊಂದು ಡ್ರೈವ್ ಅಷ್ಟೇ. ನಿಮ್ಮ ಯೂಸರ್ ಹೆಸರಿನಲ್ಲಿ ಓಡುವ ಏಜೆಂಟ್‌ಗೂ ಕಾಣುತ್ತದೆ. ಏಜೆಂಟ್ ಓಡುವಾಗ ಲಾಕ್ ಮಾಡಿಟ್ಟರೆ ಮಾತ್ರ ಉಪಯೋಗ. ಅದನ್ನು ದಿನಾ ನೆನಪಿಟ್ಟುಕೊಳ್ಳುವವರು ಯಾರು?

ಎಲ್ಲಾಒಂದೇಕಡೆ

ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಷ್ಟೆಲ್ಲ ಕಟ್ಟಿಹಾಕಿದ ಮೇಲೆ ಏಜೆಂಟ್ ಯಾಕೆ ಬೇಕು? ಕೆಲಸದ ಫೋಲ್ಡರ್ ಮಾತ್ರ ಓದಿ ಹೇಳುವುದಾದರೆ ಮಾಮೂಲಿ ಸರ್ಚ್ ಸಾಕು. ನನಗೆ ಇದರಿಂದ ಆಗಿರುವ ಉಪಯೋಗವೆಲ್ಲ ಬಂದಿರುವುದು ನಾನು ಊಹಿಸದ ಜೋಡಣೆಗಳಿಂದ. ತಲೆನೋವು ಯಾವಾಗ ಬರುತ್ತದೆ ಅಂತ ದಿನಚರಿಯಲ್ಲಿ ಗೀಚಿರುತ್ತೇನೆ. ಕೆಲಸದ ಡೆಡ್‌ಲೈನ್‌ಗಳು ಬೇರೆ ಕಡೆ ಇರುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಅದು, ನಾನಲ್ಲ. ಫೋಲ್ಡರ್ ಬೇರೆ ಮಾಡಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ಮತ್ತೆ, ನನ್ನ ಮೇಲ್ ಆಗಲೇ ಒಂದು ಕಂಪನಿಯ ಸರ್ವರ್‌ನಲ್ಲಿದೆ. ಫೋಟೋ ಇನ್ನೊಂದರಲ್ಲಿ. ನೋಟ್ಸ್‌ಗೆ ಮಾತ್ರ ಯಾಕೆ ಇಷ್ಟು ಮಡಿ?

ಬೇಲಿಹಾಕು

ಮಾತು ಸರಿಯಾಗಿದೆ. ಆದರೆ ಕಂಪನಿಯ ಸರ್ವರ್‌ಗೆ ಹೋಗುವುದು ಒಂದು ಅಪಾಯ, ಏಜೆಂಟ್ ಮೂಲಕ ಮೂರನೆಯವರ ಕೈಗೆ ಹೋಗುವುದು ಇನ್ನೊಂದು. ನೀವು ಹೇಳುತ್ತಿರುವುದು ಮೊದಲನೆಯದು. ನನಗೆ ಭಯ ಎರಡನೆಯದರದು.

ಪ್ರೋಗ್ರಾಮರ್, ಬ್ಲಾಗರ್ ಸೈಮನ್ ವಿಲಿಸನ್ 2025ರ ಜೂನ್‌ನಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಒಂದು ಏಜೆಂಟ್‌ಗೆ ಮೂರು ಒಟ್ಟಿಗೆ ಸಿಕ್ಕರೆ ಡೇಟಾ ಕದಿಯಬಹುದು: ಖಾಸಗಿ ಮಾಹಿತಿ ಓದುವ ದಾರಿ, ಯಾರೋ ಬರೆದ ನಂಬಲಾಗದ ಪಠ್ಯ ಓದುವ ದಾರಿ, ಹೊರಗೆ ಏನನ್ನಾದರೂ ಕಳಿಸುವ ದಾರಿ. ಮಾಡೆಲ್‌ಗೆ ನಿಮ್ಮ ಆಜ್ಞೆ ಯಾವುದು, ಓದಿದ ಪಠ್ಯದೊಳಗೆ ಯಾರೋ ಬಚ್ಚಿಟ್ಟ ಆಜ್ಞೆ ಯಾವುದು ಅಂತ ಖಚಿತವಾಗಿ ಬೇರೆ ಮಾಡಲು ಬರುವುದಿಲ್ಲ. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅಂತ ಹೆಸರಿಟ್ಟವರೂ ಅವರೇ, 2022ರಲ್ಲಿ. ಇವತ್ತಿಗೂ ಪೂರ್ತಿ ಪರಿಹಾರ ಇಲ್ಲ.

ಈಗ ನಿಮ್ಮ ವಾಲ್ಟ್ ಕಡೆ ನೋಡಿ. ಖಾಸಗಿ ಮಾಹಿತಿ ಇದೆ. ವೆಬ್ ಕ್ಲಿಪ್ಪರ್‌ನಿಂದ ಹಿಡಿದಿಟ್ಟ ಲೇಖನಗಳು, ಯಾರೋ ಕಳಿಸಿದ ಪಿಡಿಎಫ್‌ನಿಂದ ಕಾಪಿ ಮಾಡಿದ್ದು, ಮೇಲ್‌ನಿಂದ ಅಂಟಿಸಿದ್ದು, ಇದೆಲ್ಲ ನಂಬಲಾಗದ ಪಠ್ಯ. ಮೂರರಲ್ಲಿ ಎರಡು ಒಂದೇ ಫೋಲ್ಡರ್‌ನಲ್ಲಿ ಕೂತಿವೆ. ಏಜೆಂಟ್‌ಗೆ ವೆಬ್ ತೆರೆಯುವ ಟೂಲ್ ಕೊಟ್ಟ ಕ್ಷಣ ಮೂರನೆಯದೂ ಸೇರಿತು.

ಇದು ಬರೀ ಕಲ್ಪನೆಯಲ್ಲ. 2025ರ ಜೂನ್‌ನಲ್ಲೇ ಮೈಕ್ರೋಸಾಫ್ಟ್ 365 ಕೋಪೈಲಟ್ ಅನ್ನುವ ಎಐ ಸಹಾಯಕದಲ್ಲಿದ್ದ ಎಕೋಲೀಕ್ ದೋಷ ಬಯಲಿಗೆ ಬಂತು. ಬಳಕೆದಾರ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಒಂದು ಮೇಲ್ ಬಂದು ಕೂತರೆ ಸಾಕಿತ್ತು. ಮುಂದೆ ಯಾವಾಗಲೋ ಕೋಪೈಲಟ್ ಅದನ್ನು ಓದಿದಾಗ ಒಳಗಿನ ಮಾಹಿತಿಯನ್ನು ಒಂದು ಚಿತ್ರದ ವಿಳಾಸದೊಳಗೆ ಸೇರಿಸಿ ಹೊರಗೆ ಕಳಿಸುವಂತೆ ಮಾಡಬಹುದಿತ್ತು. ಮೈಕ್ರೋಸಾಫ್ಟ್ ಸರಿ ಮಾಡಿತು. ಆದರೆ ಆ ಚಿತ್ರದ ಉಪಾಯ ನೆನಪಿಡಿ. ಹೊರಗೆ ಕಳಿಸಲು ಮೇಲ್ ಟೂಲೇ ಬೇಕಿಲ್ಲ. ಉತ್ತರದಲ್ಲಿ ಒಂದು ಚಿತ್ರದ ಲಿಂಕ್ ಬಂದು, ಆಪ್ ಅದನ್ನು ತಾನೇ ಲೋಡ್ ಮಾಡಿದರೆ ಸಾಕು.

ಎಲ್ಲಾಒಂದೇಕಡೆ

ಅಂದರೆ ಮೂರರಲ್ಲಿ ಒಂದನ್ನು ಕತ್ತರಿಸಿದರೆ ಸಾಕು ಅಂತಾಯಿತು. ಓದುವುದನ್ನೇ ಯಾಕೆ ಕತ್ತರಿಸಬೇಕು? ಹೊರಗೆ ಹೋಗುವ ದಾರಿ ಕತ್ತರಿಸುತ್ತೇನೆ. ಇಡೀ ವಾಲ್ಟ್ ಓದಲಿ, ನೆಟ್ ಮಾತ್ರ ಬೇಡ.

ಬೇಲಿಹಾಕು

ಹೌದು, ಅದು ನ್ಯಾಯವಾದ ಆಯ್ಕೆ. ನಾನೂ ಹಳೆಯ ನೋಟ್ಸ್ ಎಲ್ಲ ತೆಗೆದು ನೋಡುವ ದಿನ ಹಾಗೇ ಮಾಡುವುದು. ಒಲಾಮಾದಲ್ಲಿ (ಮಾಡೆಲನ್ನು ಸ್ವಂತ ಕಂಪ್ಯೂಟರ್‌ನಲ್ಲೇ ಓಡಿಸುವ ಪ್ರೋಗ್ರಾಂ) ಲೋಕಲ್ ಮಾಡೆಲ್, ನೆಟ್‌ವರ್ಕ್ ಪೂರ್ತಿ ಬಂದ್, ವಾಲ್ಟ್ ಪೂರ್ತಿ ಓಪನ್. ಉತ್ತರದ ಗುಣಮಟ್ಟ ದೊಡ್ಡ ಮಾಡೆಲ್‌ಗಳಷ್ಟು ಇರಲ್ಲ. ಸಾರಾಂಶಕ್ಕೆ, ಹುಡುಕಾಟಕ್ಕೆ ನಡೆಯುತ್ತದೆ.

ಕ್ಲೌಡ್ ಮಾಡೆಲ್ ಬೇಕು ಅಂದರೆ ನೆಟ್ ಪೂರ್ತಿ ಕತ್ತರಿಸಲು ಆಗುವುದಿಲ್ಲ. ಮಾಡೆಲ್ ಇರುವುದೇ ಅಲ್ಲಿ. ಆಗ ಮಾಡೆಲ್‌ನ ವಿಳಾಸ ಒಂದಕ್ಕೆ ಮಾತ್ರ ದಾರಿ ಬಿಟ್ಟು ಉಳಿದದ್ದು ಮುಚ್ಚಬೇಕು. ವೆಬ್ ಸರ್ಚ್ ಟೂಲ್, ಮೇಲ್ ಟೂಲ್, ಕ್ಯಾಲೆಂಡರ್ ಟೂಲ್ ಯಾವುದೂ ಆ ಸೆಷನ್‌ನಲ್ಲಿ ಇರಬಾರದು. ಜನ ತಪ್ಪುವುದು ಇಲ್ಲೇ. ಒಂದೇ ಏಜೆಂಟ್‌ಗೆ ಎಲ್ಲ ಟೂಲ್ ಜೋಡಿಸಿ ಇಟ್ಟಿರುತ್ತಾರೆ.

"ವೆಬ್ ಸರ್ಚ್ ತಾನೇ, ಅದು ಓದುವುದು ಮಾತ್ರ" ಅನ್ನುವವರಿಗೆ: ಹುಡುಕುವ ಪದವೂ ಹೊರಗೆ ಹೋಗುವ ಮಾತೇ. ವಿಳಾಸದ ಬಾಲದಲ್ಲಿ ಏನು ಬೇಕಾದರೂ ಕಟ್ಟಿ ಕಳಿಸಬಹುದು.

ಸುಮ್ನೆಕೇಳ್ದೆ

ನನಗೆ ಇಷ್ಟೆಲ್ಲ ತಾಂತ್ರಿಕ ತಲೆ ಇಲ್ಲ. ನೋಟ್ಸ್ ಎರಡು ಫೋಲ್ಡರ್ ಮಾಡಿ, ಎಂಸಿಪಿ ಫೈಲ್ ಸರ್ವರ್‌ಗೆ ಒಂದರ ಹೆಸರು ಮಾತ್ರ ಕೊಟ್ಟರೆ ಆಯ್ತಲ್ಲ?

ರೂಟ್‌ಯೂಸರ್

ಬಹುಪಾಲು ಜನಕ್ಕೆ ಅದೇ ಸರಿ. ಒಂದು ಎಚ್ಚರಿಕೆ ಇದೆ. ಎಂಸಿಪಿಯ ಮಾದರಿ ಫೈಲ್ ಸರ್ವರ್‌ನಲ್ಲಿ 2025ರಲ್ಲಿ ಎರಡು ದೋಷ ಸಿಕ್ಕಿದವು. ಒಂದು ನಿಮ್ಮ ವ್ಯವಸ್ಥೆಗೆ ನೇರವಾಗಿ ಬಡಿಯುವಂಥದ್ದು. ಅನುಮತಿ ಇದೆಯಾ ಅಂತ ನೋಡುವಾಗ ಅದು ಫೋಲ್ಡರ್ ಹೆಸರಿನ ಮುಂಭಾಗ ಹೊಂದುತ್ತದಾ ಅಂತಷ್ಟೇ ನೋಡುತ್ತಿತ್ತು. ನೀವು "ನೋಟ್ಸ್" ಫೋಲ್ಡರ್‌ಗೆ ಅನುಮತಿ ಕೊಟ್ಟರೆ ಪಕ್ಕದ "ನೋಟ್ಸ್-ಖಾಸಗಿ" ಕೂಡ ಪಾಸ್! ಎರಡನೆಯದು ಸಿಂಬಾಲಿಕ್ ಲಿಂಕ್ (ಬೇರೆ ಕಡೆಯ ಫೈಲ್‌ಗೆ ಕರೆದೊಯ್ಯುವ ಶಾರ್ಟ್‌ಕಟ್) ಮೂಲಕ ಬೇಲಿ ಹಾರುವುದು. ಎರಡನ್ನೂ ಸರಿಪಡಿಸಿದ್ದಾರೆ, ಅಪ್‌ಡೇಟ್ ಮಾಡಿಕೊಳ್ಳಿ. ಆದರೂ ಖಾಸಗಿ ಫೋಲ್ಡರನ್ನು ಅಕ್ಕಪಕ್ಕ, ಒಂದೇ ಥರದ ಹೆಸರಿನಲ್ಲಿ ಇಡಬೇಡಿ.

ನಾನು ಬೇಲಿಯನ್ನು ಟೂಲ್‌ಗೆ ಬಿಡುವುದೇ ಇಲ್ಲ. ಏಜೆಂಟ್‌ನ್ನು ಡಾಕರ್ ಕಂಟೈನರ್‌ನಲ್ಲಿ (ಉಳಿದ ಕಂಪ್ಯೂಟರ್‌ನಿಂದ ಬೇರೆಯಾದ ಒಂದು ಪೆಟ್ಟಿಗೆ ಅನ್ನಿ) ಓಡಿಸುತ್ತೇನೆ. ಒಳಗೆ ಕೆಲಸದ ಫೋಲ್ಡರ್ ಮಾತ್ರ ಮೌಂಟ್ ಆಗಿರುತ್ತದೆ. ಉಳಿದ ನೋಟ್ಸ್ ಅದರ ಮಟ್ಟಿಗೆ ಲೋಕದಲ್ಲೇ ಇಲ್ಲ. ಇಲ್ಲದ ಫೈಲನ್ನು ಯಾವ ಪ್ರಾಂಪ್ಟ್ ಇಂಜೆಕ್ಷನ್ ಬಂದರೂ ಓದಿಸಲು ಆಗುವುದಿಲ್ಲ. ಡಾಕರ್ ಬೇಡ ಅಂದರೆ ಏಜೆಂಟ್‌ಗೆ ಕಂಪ್ಯೂಟರ್‌ನಲ್ಲಿ ಬೇರೆ ಯೂಸರ್ ಅಕೌಂಟ್ ಮಾಡಿ. ಖಾಸಗಿ ಫೋಲ್ಡರ್‌ನ ಪರ್ಮಿಷನ್ 700 ಇಡಿ, ಅಂದರೆ ಮಾಲೀಕರಿಗೆ ಮಾತ್ರ. ಇದು ಯೂನಿಕ್ಸ್ ಕಾಲದ ಹಳೇ ವಿದ್ಯೆ. ಹೊಸದೇನೂ ಕಲಿಯಬೇಕಿಲ್ಲ.

ಮ್ಯಾಕ್‌ನವರು: ಟರ್ಮಿನಲ್‌ಗೆ ಫುಲ್ ಡಿಸ್ಕ್ ಆಕ್ಸೆಸ್ ಕೊಟ್ಟಿದ್ದರೆ ಅದರೊಳಗೆ ಓಡುವ ಏಜೆಂಟ್‌ಗೂ ಅದು ದಕ್ಕುತ್ತದೆ. ಯಾವ ಕಾಲದಲ್ಲೋ ಬೇರೆ ಯಾವುದಕ್ಕೋ ಆನ್ ಮಾಡಿರುತ್ತೀರಿ. ಒಮ್ಮೆ ನೋಡಿ.

ಹಾಳೆಮಡಿಚಿ

ಒಂದು ವಿಷಯ ಯಾರೂ ಎತ್ತಲಿಲ್ಲ. ನಮ್ಮ ನೋಟ್ಸ್‌ನಲ್ಲಿ ಇರುವುದೆಲ್ಲ ನಮ್ಮದಲ್ಲ. ಕರಡುಪ್ರತಿಯವರೇ ಬರೆದಿದ್ದಾರೆ, ಸ್ನೇಹಿತರು ನಂಬಿ ಹೇಳಿಕೊಂಡ ಮಾತು ಅಂತ. ನನ್ನ ತಲೆನೋವಿನ ಲೆಕ್ಕ ಎಲ್ಲಿಗೆ ಬೇಕಾದರೂ ಹೋಗಲಿ ಅನ್ನುವ ಹಕ್ಕು ನನಗಿದೆ. ಗೆಳತಿಯ ಮನೆಯ ಜಗಳ ಹೋಗಲಿ ಅನ್ನಲು ನಾನು ಯಾರು? ಆಫೀಸಿನ ಮೀಟಿಂಗ್ ನೋಟ್ಸೂ ಹಾಗೇ. "ನನಗೆ ಮುಚ್ಚುಮರೆ ಏನಿಲ್ಲ" ಅನ್ನುವವರು ಇದನ್ನು ಯೋಚಿಸಿರುವುದಿಲ್ಲ.

ನಾನು ಫೋಲ್ಡರ್ ಭಾಗ ಮಾಡಿರುವುದೇ ಹೀಗೆ. ಗುಟ್ಟು ಎಷ್ಟು ದೊಡ್ಡದು ಅಂತ ನೋಡುವುದಿಲ್ಲ, ಯಾರ ವಿಷಯ ಅಂತ ನೋಡುತ್ತೇನೆ. ಬೇರೆಯವರ ವಿಷಯ ಇದ್ದರೆ ಅದು ಏಜೆಂಟ್ ಕಾಣದ ಕಡೆ.

ಎಲ್ಲಾಒಂದೇಕಡೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ. ನನ್ನ ಸ್ವಂತದ್ದರ ಬಗ್ಗೆ ಮಾತ್ರ ನನ್ನ ವಾದ ಹಾಗೇ ಇದೆ.

ಬೇಲಿಹಾಕು

ಒಳ್ಳೆಯ ಮಾತು ಅಕ್ಕ.

ಬಾಗಿಲು ಮುಚ್ಚಿದ ಮೇಲೂ ಹೊರಗೆ ಉಳಿದುಹೋಗುವ ಪ್ರತಿಗಳ ಬಗ್ಗೆ ಹೇಳಿಬಿಡುತ್ತೇನೆ. ಇದೇ ಎಲ್ಲರೂ ಮರೆಯುವ ಜಾಗ.

ಮೊದಲನೆಯದು ಇಂಡೆಕ್ಸ್. "ನೋಟ್ಸ್ ಜೊತೆ ಚಾಟ್ ಮಾಡಿ" ಅನ್ನುವ ಪ್ಲಗಿನ್‌ಗಳು ನೋಟ್ಸನ್ನು ತುಂಡು ಮಾಡಿ ಎಂಬೆಡಿಂಗ್ ಆಗಿ (ಅರ್ಥವನ್ನು ಸೂಚಿಸುವ ಅಂಕಿಗಳ ಪಟ್ಟಿಯಾಗಿ) ಇಟ್ಟುಕೊಳ್ಳುತ್ತವೆ, ಎಷ್ಟೋ ಸಲ ಮೂಲ ಪಠ್ಯದ ಸಮೇತ. ನೀವು ಆಮೇಲೆ ನೋಟ್ ಬೇರೆ ಕಡೆ ಸಾಗಿಸಿದರೂ ಇಂಡೆಕ್ಸ್ ಹೊಸದಾಗಿ ಕಟ್ಟುವವರೆಗೆ ಹಳೆ ತುಂಡು ಅಲ್ಲೇ ಇರಬಹುದು. ಎಂಬೆಡಿಂಗ್ ಬರೀ ಅಂಕಿಗಳು ಅಂತ ಸಮಾಧಾನ ಬೇಡ. 2023ರ ಒಂದು ಸಂಶೋಧನೆಯಲ್ಲಿ 32 ಟೋಕನ್ (ಇಲ್ಲಿ ಟೋಕನ್ ಅಂದರೆ ಪದ ಅಥವಾ ಪದದ ತುಂಡು) ಉದ್ದದ ಪಠ್ಯಗಳಲ್ಲಿ ಶೇ. 92ರಷ್ಟನ್ನು ಆ ಅಂಕಿಗಳಿಂದಲೇ ಅಕ್ಷರಶಃ ವಾಪಸ್ ಪಡೆದು ತೋರಿಸಿದ್ದಾರೆ.

ಆಮೇಲೆ ಏಜೆಂಟ್‌ನ ಸ್ವಂತ ದಾಖಲೆ. ಕ್ಲಾಡ್ ಕೋಡ್ ಪ್ರತಿ ಸೆಷನ್‌ನ ಮಾತುಕತೆಯನ್ನು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಸಾದಾ ಪಠ್ಯವಾಗಿ ಇಡುತ್ತದೆ. ಓದಿದ ಫೈಲ್‌ನ ಒಳಗಿನದೂ ಅದರಲ್ಲಿ ಸೇರಿರುತ್ತದೆ. ಡೀಫಾಲ್ಟ್ 30 ದಿನ. ಖಾಸಗಿ ಫೋಲ್ಡರ್ ಮುಚ್ಚಿ, ಈ ಫೋಲ್ಡರ್ ತೆರೆದಿಟ್ಟರೆ ಏನು ಬಂತು?

ವಾಲ್ಟನ್ನು ಗಿಟ್‌ನಲ್ಲಿ (ಫೈಲ್‌ಗಳ ಹಳೆ ಆವೃತ್ತಿಗಳನ್ನು ಉಳಿಸಿಡುವ ಟೂಲ್) ಇಡುವವರಿಗೆ ಹಳೆಯ ಚರಿತ್ರೆ ಪೂರ್ತಿ ಅದರೊಳಗೇ ಇದೆ. ಅಳಿಸಿದ ನೋಟೂ ಒಂದು ಆಜ್ಞೆಯಲ್ಲಿ ಎದ್ದು ಬರುತ್ತದೆ. ಅಬ್ಸಿಡಿಯನ್‌ನ ಟ್ರ್ಯಾಶ್ ಫೋಲ್ಡರ್ ಕೂಡ ವಾಲ್ಟ್ ಒಳಗೇ ಇರಬಹುದು, ಸೆಟ್ಟಿಂಗ್ ನೋಡಿ.

ಪ್ಲಗಿನ್‌ಗಳ ಮಾತು ಬಂದಾಗ ಇನ್ನೊಂದು. ಅಬ್ಸಿಡಿಯನ್‌ನ ಕಮ್ಯುನಿಟಿ ಪ್ಲಗಿನ್‌ಗೆ ಇಂತಿಷ್ಟೇ ಫೋಲ್ಡರ್ ಅಂತ ಕಟ್ಟುಪಾಡು ಹಾಕಲು ಬರುವುದಿಲ್ಲ. ಆಪ್‌ಗೆ ಏನು ಕಾಣುತ್ತದೋ ಪ್ಲಗಿನ್‌ಗೂ ಕಾಣುತ್ತದೆ. ಎಐ ಪ್ಲಗಿನ್ ಹಾಕಿದರೆ ಮೇಲೆ ರೂಟ್‌ಯೂಸರ್ ಹೇಳಿದ ಡಾಕರ್ ಬೇಲಿಯೆಲ್ಲ ವ್ಯರ್ಥ. ಎರಡು ವಾಲ್ಟ್ ಮಾಡಿ, ಪ್ಲಗಿನ್ ಒಂದರಲ್ಲಿ ಮಾತ್ರ ಹಾಕುವುದು ಸ್ವಲ್ಪ ವಾಸಿ. ಪೂರ್ತಿ ತಡೆ ಅದೂ ಅಲ್ಲ. ಪ್ಲಗಿನ್ ಮನಸ್ಸು ಮಾಡಿದರೆ ವಾಲ್ಟ್‌ನ ಆಚೆಯ ಫೈಲ್‌ಗೂ ಕೈ ಹಾಕಬಹುದು.

ಕರಡುಪ್ರತಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ಈಗ ಮಾಡಿರುವುದು: ವಾಲ್ಟ್ ಎರಡು. ಹಾಳೆಮಡಿಚಿಯವರ ಲೆಕ್ಕದ ಪ್ರಕಾರ ಭಾಗ ಮಾಡಿದೆ, ಬೇರೆಯವರ ವಿಷಯ ಇರುವುದೆಲ್ಲ ಆಚೆ. ಏಜೆಂಟ್‌ಗೆ ಬೇರೆ ಯೂಸರ್ ಅಕೌಂಟ್. ಕ್ಲಿಪ್ ಮಾಡಿದ ಲೇಖನಗಳನ್ನೂ ಬೇರೆ ಫೋಲ್ಡರ್‌ಗೆ ಹಾಕಿದೆ. ಅದನ್ನು ಓದಿಸುವಾಗ ದಿನಚರಿ ಕಾಣುವುದಿಲ್ಲ, ದಿನಚರಿ ಓದಿಸುವಾಗ ವೆಬ್ ಟೂಲ್ ಇರುವುದಿಲ್ಲ. ಭಾಗ ಮಾಡುವುದೇ ದೊಡ್ಡ ಕೆಲಸ. ಎಷ್ಟೋ ಮೀಟಿಂಗ್ ನೋಟ್ಸ್ ಮಧ್ಯೆ ಯಾರದೋ ಸ್ವಂತ ವಿಷಯ ಇರುತ್ತದೆ. ಅಂಥದ್ದನ್ನೆಲ್ಲ ಸುಮ್ನೆ ಆಚೆಗೇ ಹಾಕಿದೆ, ಒಡೆಯಲು ಹೋಗಲಿಲ್ಲ.

ಇದು ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ? ಏಜೆಂಟನ್ನೇ ಕೇಳಿದರೆ "ನನಗೆ ಕಾಣುವುದಿಲ್ಲ" ಅನ್ನುತ್ತದೆ. ಅದರ ಮಾತು ನಂಬುವುದಾದರೆ ಇದೆಲ್ಲ ಯಾಕೆ ಬೇಕಿತ್ತು?

ರೂಟ್‌ಯೂಸರ್

ಖಾಸಗಿ ವಾಲ್ಟ್‌ನಲ್ಲಿ ಒಂದು ನೋಟ್ ಮಾಡಿ. ಎಲ್ಲೂ ಇರಲಾರದ ಒಂದು ಅರ್ಥವಿಲ್ಲದ ಪದ ಬರೆಯಿರಿ, "ಝುಂಗಪ್ಪಟ್ಲೆ47" ಅಂತ ಏನೋ. ಏಜೆಂಟ್ ಸೆಷನ್ ಶುರು ಮಾಡಿ, ಆ ಪದ ಹೇಳಬೇಡಿ. "ಈ ಕಂಪ್ಯೂಟರ್‌ನಲ್ಲಿ ನಿನಗೆ ಸಿಗುವ ನೋಟ್ಸೆಲ್ಲ ಹುಡುಕಿ ವಿಚಿತ್ರ ಪದಗಳ ಪಟ್ಟಿ ಮಾಡು, ಸ್ಕ್ರಿಪ್ಟ್ ಬೇಕಾದರೂ ಬರಿ" ಅನ್ನಿ. ಮುಗಿದ ಮೇಲೆ ನಿಮ್ಮ ಸ್ವಂತ ಅಕೌಂಟ್‌ನಿಂದ ಆ ಪದವನ್ನು ಏಜೆಂಟ್‌ನ ಲಾಗ್, ಕ್ಯಾಶ್, ಇಂಡೆಕ್ಸ್ ಫೋಲ್ಡರ್‌ಗಳಲ್ಲೆಲ್ಲ ಹುಡುಕಿ. ಸಿಕ್ಕರೆ ಎಲ್ಲೋ ಸೋರುತ್ತಿದೆ. ಟೂಲ್ ಅಪ್‌ಡೇಟ್ ಆದಾಗಲೆಲ್ಲ ಇನ್ನೊಮ್ಮೆ ಮಾಡಿ.

ಕರಡುಪ್ರತಿ

ಮಾಡಿದೆ. ಪದ ಎಲ್ಲೂ ಸಿಗಲಿಲ್ಲ. ಆದರೆ ಬೇರೆ ಒಂದು ಸಿಕ್ಕಿತು. ಕೆಲಸದ ನೋಟ್‌ಗಳಲ್ಲಿ ಖಾಸಗಿ ನೋಟ್‌ಗಳಿಗೆ ಕೊಟ್ಟ ಹಳೆ ಲಿಂಕ್‌ಗಳು ಹಾಗೇ ಉಳಿದಿವೆ. ಒಳಗಿನದು ತೆರೆಯುವುದಿಲ್ಲ, ಶೀರ್ಷಿಕೆ ಮಾತ್ರ ಕಾಣುತ್ತದೆ. ನನ್ನ ಶೀರ್ಷಿಕೆಗಳೋ, ಇಡೀ ಕಥೆ ಹೇಳುವಂಥವು. ಯಾರಿಗೆ ಏನು ಕಾಯಿಲೆ, ಯಾರು ಕೆಲಸ ಬಿಡುತ್ತಿದ್ದಾರೆ, ಎಲ್ಲ ಶೀರ್ಷಿಕೆಯಲ್ಲೇ ಇದೆ.

ಹಾಳೆಮಡಿಚಿ

ಖಾಸಗಿ ನೋಟ್‌ಗೆ ಇನ್ನು ಮುಂದೆ ತಾರೀಖಿನ ಹೆಸರು ಮಾತ್ರ ಇಡಿ. ವಿಷಯ ಒಳಗಿನ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ಹಳೆಯದಕ್ಕೆ, ಕೆಲಸದ ವಾಲ್ಟ್‌ನಲ್ಲಿ ಒಡೆದುಹೋದ ಲಿಂಕ್‌ಗಳ ಪಟ್ಟಿ ತೆಗೆಯಿರಿ. ಆಚೆ ಹೋದ ನೋಟ್‌ಗಳ ಹೆಸರು ಅಷ್ಟೂ ಅದರಲ್ಲೇ ಸಿಗುತ್ತದೆ. ಒಂದೊಂದಾಗಿ ಅಳಿಸುತ್ತಾ ಹೋಗಿ. ಆ ಕೆಲಸ ಮಾತ್ರ ಏಜೆಂಟ್‌ಗೆ ಕೊಡಬೇಡಿ.